ಎಳೆಯದೆ ಬಿಟ್ಟ ಫ್ಲೈಗೆ ಬಂದ ಟ್ರೌಟ್: ನನ್ನ ಅನುಭವ

"ಫ್ಲೈನ ಎಳೀತಾನೇ ಇರ್ಬೇಕು, ನಿಲ್ಲಿಸಿದ್ರೆ ಮೀನು ಬರಲ್ಲ." ಫ್ಲೈ ಅಂದರೆ ಗಾಳಕ್ಕೆ ಗರಿ, ದಾರ ಸುತ್ತಿ ಮಾಡಿದ ನಕಲಿ ಹುಳ. ಇಂಗ್ಲೆಂಡಿನ ರಟ್‌ಲೆಂಡ್ ವಾಟರ್ ಜಲಾಶಯದ ದಂಡೆಯಲ್ಲಿ ಮೊದಲ ಎರಡು ತಿಂಗಳು ಎಲ್ಲರೂ ನನಗೆ ಹೇಳಿದ್ದು ಇದೊಂದೇ ಮಾತು. ಕಳೆದ ಎರಡು ಸೀಸನ್‌ನಲ್ಲಿ ಅದೇ ದಂಡೆಯಲ್ಲಿ ನಾನು ಹಿಡಿದ ಟ್ರೌಟ್ ನೂರರ ಹತ್ತಿರ ಬಂದಿವೆ. ಮುಕ್ಕಾಲು ಪಾಲು ಎಳೆಯದೆ ಹಿಡಿದದ್ದು. ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಲೆಸ್ಟರ್‌ನಲ್ಲಿ. ಮೊದಲು ಹನ್ನೊಂದು ವರ್ಷ ಮ್ಯಾಚ್ ಆಡಿದೆ, ಅಂದರೆ ಯಾರು ಹೆಚ್ಚು ತೂಕದ ಮೀನು ಹಿಡಿಯುತ್ತಾರೆ ಅನ್ನುವ ಪಂದ್ಯ. ದುಡ್ಡು ಕೊಟ್ಟು ಮೀನು ಹಿಡಿಯುವ ಕಮರ್ಷಿಯಲ್ ಕೆರೆಗಳು, ಕಾರ್ಪ್ ಮತ್ತು ಅದರ ಮಿಶ್ರತಳಿ ಎಫ್‌1, ಬೇಟ್ (ಮೀನಿಗೆ ಹಾಕುವ ತಿನಿಸು) ಒತ್ತಿ ಎಸೆಯುವ ಮೆಥಡ್ ಫೀಡರ್, ರೀಲ್ ಇಲ್ಲದ ಉದ್ದನೆಯ ಪೋಲ್.  ನೂರು ಪೌಂಡ್ ತೂಕ ಹಿಡಿದರೂ ಆರನೇ ಜಾಗ ಬರುವ ಕಾಲ ಬಂತು. ಪೆಗ್ ಡ್ರಾ, ಅಂದರೆ ಕೂರುವ ಜಾಗಕ್ಕೆ ಎತ್ತುವ ಚೀಟಿ, ಕೆಟ್ಟರೆ ದಿನವೂ ಕೆಟ್ಟಿತು. ಅದರ ಮೇಲೆ 14 ಮೀಟರ್ ಪೋಲ್ ಹಿಡಿದು ಐದು ಗಂಟೆ ಕೂತು ಬಲ ಭುಜ ಹೋಯಿತು. ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುತ್ತಿರಲಿಲ್ಲ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ನೆನಪಿನಿಂದ. ಒಂದು ಮ್ಯಾಚ್‌ಗೆ ಪೆಗ್, ಪೂಲ್ಸ್ (ಬಹುಮಾನಕ್ಕೆ ಎಲ್ಲರೂ ಹಾಕುವ ದುಡ್ಡು), ಬೇಟ್, ಪೆಟ್ರೋಲ್ ಸೇರಿ 55-60 ಪೌಂಡ್. ವರ್ಷಕ್ಕೆ 35 ಮ್ಯಾಚ್ ಅಂದರೆ ಎರಡು ಸಾವಿರ. ನನ್ನ ಅತಿ ಒಳ್ಳೆಯ ವರ್ಷದಲ್ಲಿ ಗೆದ್ದು ವಾಪಸ್ ತಂದದ್ದು 600. 1,900ಕ್ಕೆ ಕೊಂಡ ಪೋಲ್ 850ಕ್ಕೆ ಹೋಯಿತು. ಸೀಟ್‌ಬಾಕ್ಸ್‌ಗೆ 200 ಬಂತು. ಮಾರುವ ದಿನ ಹೊಟ್ಟೆ ಉರಿಯಿತು, ನಿಜ. ಕ್ಲಬ್ಬಿನ ಗೆಳೆಯರು "ಆರು ತಿಂಗಳಲ್ಲಿ ಮತ್ತೆ ಕೊಳ್ತೀಯ ನೋಡು" ಅಂದರು.

ಆ ದುಡ್ಡಲ್ಲಿ ಫ್ಲೈ ಫಿಶಿಂಗ್‌ಗೆ ಇಳಿದು ಮೊದಲ ತಪ್ಪು ಮಾಡಿದೆ. ದೊಡ್ಡ ಕೆರೆ ಅಲ್ವಾ ಅಂತ 10 ಅಡಿಯ 8 ನಂಬರ್ ರಾಡ್ ಕೊಂಡೆ (ನಂಬರ್ ಏರಿದಷ್ಟು ಭಾರದ ಲೈನ್‌ಗೆ ಆಗುವ ರಾಡ್), 140 ಪೌಂಡ್. ಕೋಲಿನ ಹಾಗೆ ಬಿರುಸು. ಲೈನಿನ ಭಾರ ಕೈಗೆ ಗೊತ್ತೇ ಆಗಲಿಲ್ಲ. ಹಿಂದೆ ಹೋದ ಲೈನ್ ನೆಟ್ಟಗಾಗುವ ಮೊದಲೇ ಮುಂದೆ ಹೊಡೆಯುತ್ತಿದ್ದೆ, ಚಾಟಿಯ ಹಾಗೆ ಚಟ್ ಅನ್ನುತ್ತಿತ್ತು, ಫ್ಲೈ ಕಿತ್ತು ಹೋಗುತ್ತಿತ್ತು. ಒಂದು ಬೆಳಗ್ಗೆ ಒಂಬತ್ತು ಹೋದವು. ಅಂಗಡಿಯ ಫ್ಲೈ ಒಂದೊಂದಕ್ಕೂ ಒಂದೂವರೆ ಪೌಂಡ್ ಇಟ್ಟುಕೊಳ್ಳಿ. ಆಮೇಲೆ ಸೆಕೆಂಡ್ ಹ್ಯಾಂಡ್ 7 ನಂಬರ್ ರಾಡ್ 90ಕ್ಕೆ ಸಿಕ್ಕಿತು, ಲೈನ್ ಮಾತ್ರ ಹೊಸದು ಕೊಂಡೆ, 50. ಗಂಟೆಗೆ 40 ಕೊಟ್ಟು ಎರಡು ಪಾಠ ಹೇಳಿಸಿಕೊಂಡೆ. ಇಡೀ ಖರ್ಚಿನಲ್ಲಿ ಉಪಯೋಗಕ್ಕೆ ಬಂದ 80 ಪೌಂಡ್ ಅದೇ. ವಿಡಿಯೋ ನೋಡಿ ಕಲಿಯುತ್ತೇನೆ ಅನ್ನುವವರು ದಯವಿಟ್ಟು ಈ ಸಾಲು ಇನ್ನೊಮ್ಮೆ ಓದಿ.

ಎಸೆಯುವುದು ಬಂತು, ಮೀನು ಬರಲಿಲ್ಲ. ಏಳು ಸಲ ಹೋದೆ, ಏಳು ಸಲವೂ ಖಾಲಿ. ಮ್ಯಾಚ್‌ನಲ್ಲಿ ಹನ್ನೊಂದು ವರ್ಷದಲ್ಲಿ ಪೂರ್ತಿ ಖಾಲಿ ಬಂದದ್ದು ಎರಡು ಸಲವೋ ಮೂರು ಸಲವೋ. ಎಲ್ಲರೂ ಹೇಳಿದ ಹಾಗೆ ಬ್ಲಾಬ್, ಲ್ಯೂರ್ ಅನ್ನುವ ಬಣ್ಣಬಣ್ಣದ ಫ್ಲೈ ಕಟ್ಟಿ ಎಳೆದೆ. ನಾನು ಕಂಡ ಹಾಗೆ ಅದು ಸಾಕಿ ಕೆರೆಗೆ ಹೊಸದಾಗಿ ಬಿಟ್ಟ ಮೀನಿಗೆ ನಡೆಯುತ್ತದೆ. ಕೆರೆಯಲ್ಲಿ ಕೆಲವು ತಿಂಗಳು ಕಳೆದು ತಾನೇ ಹುಡುಕಿ ತಿನ್ನಲು ಕಲಿತ ಮೀನು ಅದನ್ನು ತಿರುಗಿಯೂ ನೋಡಲ್ಲ.

ಎಂಟನೇ ಸಲ, ಏಪ್ರಿಲ್ ಕೊನೆ. ಅದೇ ಜಲಾಶಯದ ನಾರ್ಮಂಟನ್ ದಂಡೆಯಲ್ಲಿ, ನೀರಲ್ಲಿ ನಿಂತ ಹಾಗೆ ಕಾಣುವ ಚರ್ಚಿನಿಂದ ಸ್ವಲ್ಪ ದೂರ. ಕೈ ಸೋತು ಲೈನ್ ಹಾಗೇ ಬಿಟ್ಟು ಚಹಾ ಕುಡಿಯುತ್ತಿದ್ದೆ. ರಾಡ್ ತಾನಾಗಿ ಬಗ್ಗಿತು. ಎರಡೂವರೆ ಪೌಂಡ್ ತೂಕದ ರೇನ್‌ಬೋ ಟ್ರೌಟ್. ಮನೆಗೆ ತರಲು ಕೊಂದೆ. ಮೀನು ತಿಂದದ್ದನ್ನು ಹೊಟ್ಟೆಯಿಂದ ತೆಗೆದು ನೋಡುವ ಉದ್ದನೆಯ ಮ್ಯಾರೋ ಚಮಚ ಗಂಟಲಿಗೆ ಇಳಿಸಿ, ಅರ್ಧ ಸುತ್ತು ತಿರುಗಿಸಿ ಎಳೆದೆ. ಬಂದದ್ದನ್ನು ನೀರು ಹಾಕಿದ ಬಿಳಿ ಬೋಗುಣಿಗೆ ಬಿಟ್ಟೆ.

ಮೊದಲು ಕಪ್ಪು ಮುದ್ದೆ. ಒಂದು ನಿಮಿಷಕ್ಕೆ ಬಿಡಿಬಿಡಿಯಾಯಿತು. ಅಲ್ಪವಿರಾಮದ ಗುರುತಿನ ಹಾಗೆ ಬಾಗಿದ ಕಪ್ಪು ಹುಳಗಳು, ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ. ಮೈಮೇಲೆ ಬೂದು ಗೆರೆ. ಎದೆಯ ಪಕ್ಕದಲ್ಲಿ ಕಿತ್ತಳೆ ಬಣ್ಣದ ಚುಕ್ಕೆ. ತಲೆಯ ಮೇಲೆ ಬಿಳಿ ಕುಚ್ಚು. ನಾಲ್ಕೈದು ಇನ್ನೂ ಒದ್ದಾಡುತ್ತಿದ್ದವು. ಎಣಿಸಿದೆ, ಅರವತ್ತು ದಾಟಿತು.

ಬಜರ್. ಕಚ್ಚದ ಒಂದು ಜಾತಿಯ ಸೊಳ್ಳೆಯ ಪ್ಯೂಪಾ, ಅಂದರೆ ಮರಿಹುಳ ಸೊಳ್ಳೆಯಾಗುವ ಮುಂಚಿನ ಹಂತ. ಹೆಸರು ಗೊತ್ತಿತ್ತು. ಆದರೆ ಅದನ್ನು ನೋಡಿದಾಗ ನನಗೆ ಹೊಳೆದದ್ದು ಬೇರೆ. ಚಳಿಗಾಲದ ಕಾಲುವೆ ಮ್ಯಾಚ್‌ಗಳಿಗೆ ನಾನು ವರ್ಷಾನುಗಟ್ಟಲೆ ದುಡ್ಡು ಕೊಟ್ಟು ತಂದ ಬೇಟ್, ಬ್ಲಡ್‌ವರ್ಮ್, ಇದೇ ಸೊಳ್ಳೆಯ ಮರಿಹುಳ! ಕೆಸರಿನಲ್ಲಿ ಕೆಂಪಗೆ ಇದ್ದದ್ದು ಪ್ಯೂಪಾ ಆಗಿ ಮೇಲೆ ಏರುತ್ತದೆ, ನೀರಿನ ಮೇಲೆ ಒಡೆದು ಕಚ್ಚದ ಸೊಳ್ಳೆಯಾಗಿ ಹಾರುತ್ತದೆ. ಬ್ಲಡ್‌ವರ್ಮ್ ಹಾಕಿ ಯಾರಾದರೂ ಸರಸರ ಎಳೆಯುತ್ತಾರಾ? ಇಲ್ಲ ಅಲ್ವಾ. ನಿಲ್ಲಿಸುತ್ತೇವೆ, ಕಾಯುತ್ತೇವೆ. ಮತ್ತೆ ಈ ಬಡಪಾಯಿ ಪ್ಯೂಪಾವನ್ನು ಯಾಕೆ ಎಳೆಯಬೇಕು?

ಚಿಕ್ಕಂದಿನಲ್ಲಿ ಶೃಂಗೇರಿ ಮೆಟ್ಟಿಲಲ್ಲಿ ಕೂತು ತುಂಗೆಗೆ ಮಂಡಕ್ಕಿ ಹಾಕಿದ್ದೂ ಆಗಲೇ ನೆನಪಾಯಿತು. ನೀರು ಕೊಂಡೊಯ್ದ ಕಡೆ ಮಂಡಕ್ಕಿ ಹೋಗುತ್ತದೆ, ದೇವರ ಮೀನು ನಿಧಾನಕ್ಕೆ ಬಂದು ಬಾಯಿ ತೆರೆಯುತ್ತದೆ. ಅಲ್ಲಿ ಗಾಳ ಹಾಕುವ ಮಾತೇ ಇಲ್ಲ. ಆದರೆ ಮೀನು ತಿನ್ನುವ ರೀತಿಯನ್ನು ನಾನು ಸರಿಯಾಗಿ ನೋಡಿದ್ದು ಅಲ್ಲೇ.

ಈಗ ಮಾಡುವುದು ಹೀಗೆ. ತೇಲುವ ಲೈನ್. ಅದರ ತುದಿಗೆ 18 ಅಡಿ ಲೀಡರ್ (ತೆಳು ದಾರ), 6 ಪೌಂಡ್ ಭಾರ ತಡೆಯುವ ಫ್ಲೋರೋಕಾರ್ಬನ್, ಆ ಪ್ಯೂಪಾದ ಹಾಗೆ ಕಟ್ಟಿದ ಮೂರು ಬಜರ್ ಫ್ಲೈ. ತುದಿಯಲ್ಲಿ ಭಾರದ್ದು, 10 ನಂಬರ್ ಗಾಳ (ನಂಬರ್ ಏರಿದಷ್ಟು ಗಾಳ ಚಿಕ್ಕದು). ಮೇಲಿನ ಎರಡು 12. ಗಾಳಿ ಪಕ್ಕದಿಂದ ಬೀಸಬೇಕು, ಎದುರು ಗಾಳಿಯಾದರೆ ನಾನು ಜಾಗ ಬದಲಿಸುತ್ತೇನೆ. ಗಾಳಿ ಬರುವ ಕಡೆಗೆ ಸ್ವಲ್ಪ ಓರೆಯಾಗಿ ಎಸೆದು ನಿಧಾನಕ್ಕೆ ಮೂವತ್ತು ಎಣಿಸುತ್ತೇನೆ. ಆಮೇಲೆ ಕೆಲಸ ಗಾಳಿಯದು. ಅದು ಲೈನನ್ನು ಬಿಲ್ಲಿನ ಹಾಗೆ ಬಗ್ಗಿಸಿ ಫ್ಲೈಗಳನ್ನು ಸುತ್ತು ತರುತ್ತದೆ. ಸಡಿಲವಾದಷ್ಟು ಲೈನ್ ಮಾತ್ರ ಬೆರಳಲ್ಲಿ ಸುತ್ತಿಕೊಳ್ಳುತ್ತೇನೆ. ರಾಡ್ ತುದಿಯಿಂದ ನೀರಿಗೆ ಇಳಿದ ಲೈನ್ ಸ್ವಲ್ಪ ಜೋತು ಬಿದ್ದಿರುತ್ತದಲ್ಲ, ಕಣ್ಣು ಅದರ ಮೇಲೆ. ಆ ಜೋತು ಎರಡು ಬೆರಳಿನಷ್ಟು ಮೇಲೆದ್ದರೆ ಮೀನು. ಮೀನು ಮುಟ್ಟಿದರೆ ಅಲುಗುವ ರಾಡಿನ ಸಪೂರ ತುದಿ, ಕ್ವಿವರ್‌ಟಿಪ್, ನೋಡಿ ಪಳಗಿದ ಕಣ್ಣಿಗೆ ಇದು ತಕ್ಷಣ ಕಾಣುತ್ತದೆ. ಇಪ್ಪತ್ತು ವರ್ಷ ಫ್ಲೈ ಹಾಕಿದವರಿಗೆ ಕಾಣದ ಹಿಡಿತ ನನಗೆ ಕಂಡಿದೆ, ಹೆಮ್ಮೆಯಿಂದಲೇ ಹೇಳುತ್ತೇನೆ.

ಫ್ಲೈಗಳ ನಡುವೆ ಎಷ್ಟು ಅಂತರ ಬಿಡುತ್ತೇನೆ, ಮೈಗೆ ಒಳಗಡೆ ಯಾವ ಬಣ್ಣದ ದಾರ ಸುತ್ತುತ್ತೇನೆ, ಇವೆರಡನ್ನು ಮಾತ್ರ ಹೇಳಲ್ಲ. ಒಂದು ಸೀಸನ್ ಪೂರ್ತಿ ಅದಕ್ಕೇ ಹೋಗಿದೆ.

ಪೋಲ್‌ನಿಂದ ಬಂದವರಿಗೆ ಇನ್ನೊಂದು ಕಂಟಕವಿದೆ. ನಮ್ಮ ಕೈಗೆ ಪೋಲ್ ಒಳಗಿನ ಎಲಾಸ್ಟಿಕ್ (ಹಿಗ್ಗುವ ರಬ್ಬರ್ ದಾರ) ಅಭ್ಯಾಸ. ಎಷ್ಟು ಜೋರಾಗಿ ಸ್ಟ್ರೈಕ್ ಮಾಡಿದರೂ, ಅಂದರೆ ಗಾಳ ನಾಟಲು ಜಗ್ಗಿದರೂ, ಅದು ತಡೆದುಕೊಳ್ಳುತ್ತದೆ. ಇಲ್ಲಿ ಟ್ರೌಟ್ ಅತ್ತ ಓಡುತ್ತಿರುವಾಗ ಇತ್ತ ಜಗ್ಗಿದರೆ 6 ಪೌಂಡ್ ದಾರ ಪಟ್ ಅನ್ನುತ್ತದೆ. ಐದೋ ಆರೋ ಮೀನು ಹೀಗೆ ಕಳೆದುಕೊಂಡೆ. ಒಂದಂತೂ ನೀರಿಂದ ಪೂರ್ತಿ ಮೇಲೆ ಹಾರಿತ್ತು, ನಾಲ್ಕು ಪೌಂಡ್‌ಗೆ ಕಮ್ಮಿ ಇರಲಿಲ್ಲ. ಈಗ ಸ್ಟ್ರೈಕ್ ಮಾಡುವುದೇ ಇಲ್ಲ. ರಾಡ್ ಸುಮ್ನೆ ಮೇಲೆತ್ತುತ್ತೇನೆ, ಅಷ್ಟೇ.

ಕಳೆದ ಮೇ ತಿಂಗಳ ಒಂದು ದಿನ ಒಂಬತ್ತು ಬಂದವು. ಎರಡು ಇಟ್ಟುಕೊಂಡು ಉಳಿದವನ್ನು ಬಿಟ್ಟೆ. ನನ್ನ ಎರಡೂ ಕಡೆ ನಿಂತು ಲ್ಯೂರ್ ಎಳೆದವರಿಗೆ ಸೇರಿ ಒಂದು. ಅದೇ ಹೊತ್ತಿಗೆ ಮೀನು ಹಿಡಿದು ತಿನ್ನುವ ಆಸ್ಪ್ರೇ ಹದ್ದೊಂದು ಬಂದು ಎಲ್ಲರ ಎದುರೇ ಒಂದು ಮೀನನ್ನು ಎತ್ತಿಕೊಂಡು ಹೋಯಿತು. 1996ರಿಂದ ಸ್ಕಾಟ್ಲೆಂಡಿನ ಆಸ್ಪ್ರೇ ಮರಿಗಳನ್ನು ತಂದು ಇಲ್ಲಿ ಬಿಟ್ಟಿದ್ದರು. 2001ರಿಂದ ಇಲ್ಲೇ ಮರಿ ಮಾಡುತ್ತಿವೆ. ಅದು ನೀರಿಗೆ ಬಿದ್ದ ಸದ್ದಿಗೆ ಇಡೀ ದಂಡೆ ಎಸೆಯುವುದನ್ನು ನಿಲ್ಲಿಸಿತು.

ಈಗಿನ ಖರ್ಚು: ದಿನಕ್ಕೆ ಟಿಕೆಟ್ 30ರ ಆಸುಪಾಸು, ವರ್ಷಕ್ಕೆ 25 ಸಲ. ಬೇಟ್ ಇಲ್ಲ. ಫ್ಲೈ ನಾನೇ ಕಟ್ಟುತ್ತೇನೆ, ಒಂದಕ್ಕೆ 25 ಪೆನ್ಸ್ ಬಿದ್ದರೆ ಜಾಸ್ತಿ. ಬಜರ್ ಮೈಗೆ ನವಿಲುಗರಿಯ ಎಳೆಯ ಮೇಲಿನ ಕೂದಲು ಉಜ್ಜಿ ತೆಗೆದು, ಆ ಎಳೆಯನ್ನು ಸುತ್ತಿ, ಮೇಲೆ ಯುವಿ ಬೆಳಕಿಗೆ ಗಟ್ಟಿಯಾಗುವ ರೆಸಿನ್ ಅಂಟು ಹಚ್ಚುತ್ತೇನೆ. ಊರಲ್ಲಿ ಗರಿ ಬೇಕಾದಷ್ಟು ಸಿಗುತ್ತದೆ ಅಂತ ಸೂಟ್‌ಕೇಸಿನಲ್ಲಿ ತರಬೇಡಿ. ಭಾರತದಿಂದ ನವಿಲುಗರಿ ಹೊರಗೆ ಒಯ್ಯುವುದಕ್ಕೆ ನಿಷೇಧವಿದೆ. ಇಲ್ಲೇ ಕೊಳ್ಳಿ.

ನಡುವೆ ಬೇರೆ ಪ್ರಯೋಗಗಳೂ ಆದವು. ಹಳೆಯ ಕಮರ್ಷಿಯಲ್ ಕೆರೆಯ ಮಾಲೀಕರನ್ನು ಕೇಳಿಕೊಂಡು, ಜಿಂಕೆ ಕೂದಲಲ್ಲಿ ಕಾರ್ಪ್‌ಗೆ ಬೇಟ್ ಆಗಿ ಹಾಕುವ ನಾಯಿ ಬಿಸ್ಕತ್ತಿನ ಆಕಾರ ಕಟ್ಟಿ ಕಾರ್ಪ್ ಹಿಡಿದೆ. ಹತ್ತು ಪೌಂಡಿನದು ಇಪ್ಪತ್ತು ನಿಮಿಷ ಸತಾಯಿಸಿತು. ಮಜಾ ಬಂತು, ಆದರೆ 7 ನಂಬರ್ ರಾಡ್‌ಗೆ ಅದು ಜಾಸ್ತಿಯಾಯಿತು. ರಜೆಗೆ ತೀರ್ಥಹಳ್ಳಿಗೆ ಹೋದಾಗ ನೆಂಟರ ಕೃಷಿ ಹೊಂಡದಲ್ಲಿ ಜಿಲೇಬಿ ಮೀನಿಗೂ ಬಜರ್ ಹಾಕಿದೆ. ಎರಡು ಗಂಟೆ ಏನೂ ಇಲ್ಲ. ಫೆಸೆಂಟ್ ಟೈಲ್ ಅನ್ನುವ 14 ನಂಬರ್ ಫ್ಲೈಗೆ ಬದಲಿಸಿ, ಇಲ್ಲಿ ಮಾತ್ರ ಚೂರುಚೂರು ಎಳೆದೆ. ಅರ್ಧ ಗಂಟೆಯಲ್ಲಿ ಹದಿನಾಲ್ಕು. ಅಂಗೈ ಅಗಲದವು, ರಾತ್ರಿ ಹುರಿದು ತಿಂದೆವು. ಅವು ಯಾಕೆ ಎಳೆದರೆ ಮಾತ್ರ ಬಂದವು ಅಂತ ಇನ್ನೂ ತಲೆ ಕೆಡಿಸಿಕೊಳ್ಳುತ್ತಿದ್ದೇನೆ. ಮುಂದಿನ ರಜೆಗೆ ಮತ್ತೆ ನೋಡಬೇಕು.

ಈ ಏಪ್ರಿಲ್‌ಗೆ ನಲವತ್ತು ಬಜರ್ ಕಟ್ಟಿಟ್ಟಿದ್ದೇನೆ. ಅರ್ಧ 10 ನಂಬರ್, ಅರ್ಧ 12.