ಫೋಮ್ ಗನ್: ಸ್ಪ್ರಿಂಗ್ ಬದಲಿಸುವ ಮೊದಲು ಗಾಳಿ ಸೋರಿಕೆ ನೋಡಿ

ಸಿದ್ಧಗಂಗಾ ಜಾತ್ರೆಯಲ್ಲಿ ಅಕ್ಕನ ಮಗನಿಗೆ ಒಂದು ಫೋಮ್ ಗನ್, ಅಂದರೆ ಸ್ಪಂಜಿನಂಥ ಮೆತ್ತನೆಯ ಬುಲೆಟ್ ಹಾರಿಸುವ ಆಟಿಕೆ ಬಂದೂಕು, ಕೊಡಿಸಿದ್ದೆ. ತಿಂಗಳು ಕಳೆಯುವಷ್ಟರಲ್ಲಿ ಅದರ ಬುಲೆಟ್ ಮಹಡಿಯ ಈ ತುದಿಯಿಂದ ಆ ತುದಿಗೂ ಮುಟ್ಟುತ್ತಿರಲಿಲ್ಲ. "ಮಾವ, ಜೋರಾಗಿರೋ ಸ್ಪ್ರಿಂಗ್ ಹಾಕಿಕೊಡು" ಅಂದ. ಹಾಕಿಕೊಟ್ಟೆ. ಎರಡನೇ ದಿನಕ್ಕೆ ಒಳಗಿನ ಪಿಸ್ಟನ್ ಕಡ್ಡಿ ಮುರಿಯಿತು. ಹುಡುಗ ಅತ್ತ. ಆಮೇಲೆ ಇನ್ನೊಂದು ಗನ್ ತಂದು, ಪೂರ್ತಿ ಬಿಚ್ಚಿ, ಸರಿಯಾದ ಕ್ರಮದಲ್ಲಿ ಗಟ್ಟಿ ಮಾಡಿದೆ. ಆ ಕ್ರಮವನ್ನೇ ಇಲ್ಲಿ ಹೇಳುತ್ತೇನೆ.

ಈ ಗನ್ ಕೆಲಸ ಮಾಡುವುದು ಸೈಕಲ್ ಪಂಪಿನ ಹಾಗೆ. ಹಿಡಿ ಎಳೆದಾಗ ಪಿಸ್ಟನ್ ಹಿಂದಕ್ಕೆ ಹೋಗಿ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಒತ್ತಿದರೆ ಸ್ಪ್ರಿಂಗ್ ಅದನ್ನು ಮುಂದಕ್ಕೆ ನೂಕುತ್ತದೆ, ಸಿಲಿಂಡರಿನ (ಪಿಸ್ಟನ್ ಜಾರುವ ಕೊಳವೆಯ) ಗಾಳಿ ಬುಲೆಟ್ಟನ್ನು ತಳ್ಳುತ್ತದೆ. ಬುಲೆಟ್ ಹಾರಿಸುವುದು ಗಾಳಿ, ಸ್ಪ್ರಿಂಗ್ ಅಲ್ಲ. ಪಂಪಿನ ವಾಷರ್ ಒಣಗಿದ್ದರೆ ಎಷ್ಟು ಬಲ ಹಾಕಿದರೂ ಟೈರಿಗೆ ಗಾಳಿ ಏರುವುದಿಲ್ಲ, ಅಲ್ವಾ? ಇದೂ ಹಾಗೇ.

ಬಿಚ್ಚುವ ಮೊದಲು ಬುಲೆಟ್ ತೆಗೆದಿಡಿ. ಪಿಸ್ಟನ್ ಎಳೆದ ಸ್ಥಿತಿಯಲ್ಲಿ ಇರಬಾರದು, ಇದ್ದರೆ ಸ್ಪ್ರಿಂಗ್ ಮುಖಕ್ಕೇ ಹಾರುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಸ್ಕ್ರೂಗಳ ಉದ್ದ ಬೇರೆಬೇರೆ ಇರುತ್ತದೆ. ಒಂದು ರಟ್ಟಿನ ಮೇಲೆ ಗನ್ನಿನ ಚಿತ್ರ ಬರೆದು, ತೆಗೆದ ಸ್ಕ್ರೂವನ್ನು ಅದೇ ಜಾಗದಲ್ಲಿ ಚುಚ್ಚಿಡಿ. ಹೊರಕವಚದ ಎರಡು ಹೋಳು ಬಿಟ್ಟುಕೊಳ್ಳದಿದ್ದರೆ ಜಗ್ಗಬೇಡಿ, ಸ್ಟಿಕ್ಕರ್ ಅಡಿಯಲ್ಲಿ ಇನ್ನೊಂದು ಸ್ಕ್ರೂ ಇರಬಹುದು. ಮೇಲಿನ ಹೋಳು ಎತ್ತಿದ ಕೂಡಲೇ, ಏನನ್ನೂ ಮುಟ್ಟದೆ, ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಚಿಕ್ಕ ಸ್ಪ್ರಿಂಗ್‌ಗಳು ಎಲ್ಲಿದ್ದವು ಅನ್ನುವುದು ಮತ್ತೆ ಜೋಡಿಸುವಾಗ ನೆನಪಿರುವುದಿಲ್ಲ.

ಈಗ ಸಿಲಿಂಡರ್ ಹೊರಗೆ ತೆಗೆದು, ಅದರ ಮುಂದಿನ ತೂತನ್ನು ಹೆಬ್ಬೆರಳಿನಿಂದ ಮುಚ್ಚಿ, ಪಿಸ್ಟನ್ ತಳ್ಳಿ. ಗಾಳಿ ಎದುರು ಒತ್ತಿದರೆ ಸರಿ. ಸುಮ್ನೆ ಒಳಗೆ ಹೋದರೆ ಸೋರುತ್ತಿದೆ ಎಂದರ್ಥ. ಪಿಸ್ಟನ್ ತಲೆಯ ಓ-ರಿಂಗ್ (ಗಾಳಿ ತಡೆಯುವ ರಬ್ಬರ್ ಉಂಗುರ) ತೆಗೆದು, ಅದು ಕೂರುವ ಕಾಲುವೆಗೆ ನಲ್ಲಿ ರಿಪೇರಿಯ ಬಿಳಿ ಟೆಫ್ಲಾನ್ ಟೇಪ್ ಎರಡು ಸುತ್ತು ಸುತ್ತಿ, ರಿಂಗ್ ಮತ್ತೆ ಕೂರಿಸಿ. ಮತ್ತೆ ಪರೀಕ್ಷೆ ಮಾಡಿ. ಸಾಲದಿದ್ದರೆ ಇನ್ನೊಂದು ಸುತ್ತು. ತೂತು ತೆರೆದಿರುವಾಗ ಪಿಸ್ಟನ್ ಸಲೀಸಾಗಿ ಜಾರಬೇಕು. ತಿಣುಕಿದರೆ ಟೇಪ್ ಜಾಸ್ತಿಯಾಗಿದೆ. ರಿಂಗ್ ಸವೆದಿದ್ದರೆ ಅದೇ ಅಳತೆಯದನ್ನು ಪಂಪ್ ಮೋಟಾರ್ ರಿಪೇರಿ ಅಂಗಡಿಯಲ್ಲಿ ಕೇಳಿ ನೋಡಿ. ಹಳೆಯದನ್ನು ಜೊತೆಗೆ ಒಯ್ಯಿರಿ.

ತೆಂಗಿನ ಸೀಮೆಯವರಾದ ನಮಗೆ ಪಿಸ್ಟನ್ ಸಲೀಸಾಗಿ ಜಾರಲಿ ಎಂದು ಏನಾದರೂ ಸವರಲು ಕೈ ಮೊದಲು ಹೋಗುವುದು ಕೊಬ್ಬರಿ ಎಣ್ಣೆಗೆ. ಬೇಡ. ಡಿಸೆಂಬರ್ ಬೆಳಿಗ್ಗೆ ಅದು ಒಳಗೇ ಗಟ್ಟಿಯಾಗುತ್ತದೆ. ವ್ಯಾಸಲೀನ್, ಗಾಡಿ ಗ್ರೀಸ್ ಕೂಡ ಬೇಡ, ಅವು ಹಲವು ಬಗೆಯ ರಬ್ಬರನ್ನು ಉಬ್ಬಿಸುತ್ತವೆ. ಸಿಲಿಕೋನ್ ಗ್ರೀಸ್ ಅರ್ಧ ಕಡಲೆಯಷ್ಟು ಸಾಕು.

ಬಹಳ ಗನ್‌ಗಳು ಇಷ್ಟಕ್ಕೇ ಚೇತರಿಸಿಕೊಳ್ಳುತ್ತವೆ. ನಮ್ಮದರಲ್ಲಿ ವ್ಯತ್ಯಾಸ ಮೊದಲ ಹೊಡೆತಕ್ಕೇ ಗೊತ್ತಾಯಿತು.

ಇನ್ನು ಗಟ್ಟಿ ಮಾಡುವ ಕೆಲಸ. ಮುರಿಯುವುದು ಸಾಮಾನ್ಯವಾಗಿ ಮೂರು ಕಡೆ: ಪಿಸ್ಟನ್ ಕಡ್ಡಿ, ಅದನ್ನು ಹಿಡಿಯುವ ಕೊಂಡಿ, ಎಳೆಯುವ ಹಿಡಿ. ಕಡ್ಡಿಯ ಒಳಗೆ ಟೊಳ್ಳು ಇದ್ದರೆ ಅರಾಲ್ಡೈಟ್ (ಎರಡು ಟ್ಯೂಬಿನದನ್ನು ಕಲೆಸಿ ಹಚ್ಚುವ ಅಂಟು) ತುಂಬಿಸಿ. ಮೊದಲು ಆ ಜಾಗವನ್ನು ಉಪ್ಪು ಕಾಗದದಿಂದ ಉಜ್ಜಿ ಒರಟು ಮಾಡಿ, ಜಿಡ್ಡು ಒರೆಸಿ. ನುಣುಪಾದ ಪ್ಲಾಸ್ಟಿಕ್ಕಿಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಎರಡು ಟ್ಯೂಬಿನದನ್ನೂ ಸಮವಾಗಿ ಕಲೆಸಿ. ಮುಟ್ಟಿದರೆ ಒಣಗಿದಂತೆ ಕಂಡರೂ ಪೂರ್ತಿ ಒಂದು ದಿನ ಬಿಡಿ. ನಾನು ಮೊದಲು ತಾಳ್ಮೆಗೆಟ್ಟದ್ದು ಇಲ್ಲೇ. ಕೊಂಡಿ ಜಾರುವ ಜಾಗಕ್ಕೆ ಮಾತ್ರ ಒಂದು ಹನಿಯೂ ತಾಗಬಾರದು.

ಹೊರಕವಚದ ಸಣ್ಣ ಬಿರುಕಿಗೆ ಫೆವಿಕ್ವಿಕ್ ಬಿಟ್ಟು, ಮೇಲೆ ಚಿಟಿಕೆ ಅಡುಗೆ ಸೋಡಾ ಉದುರಿಸಿ. ಕ್ಷಣದಲ್ಲಿ ಕಲ್ಲಿನಂತಾಗುತ್ತದೆ. ಆಗ ಬಿಸಿಯೂ ಹೊಗೆಯೂ ಏಳುತ್ತದೆ, ಕಿಟಕಿ ತೆರೆದಿರಲಿ. ಮಕ್ಕಳ ಕೈಗೆ ಈ ಕೆಲಸ ಕೊಡಬೇಡಿ.

ಪಿಸ್ಟನ್ ಪ್ರತಿ ಸಲವೂ ಸಿಲಿಂಡರಿನ ಮುಂದಿನ ಗೋಡೆಗೆ ಬಡಿಯುತ್ತದೆ. ಹಳೆಯ ಹವಾಯಿ ಚಪ್ಪಲಿಯಿಂದ 2 ಮಿ.ಮೀ. ದಪ್ಪದ ಬಿಲ್ಲೆ ಕತ್ತರಿಸಿ ಪಿಸ್ಟನ್ ತಲೆಗೆ ಅಂಟಿಸಿ, ಪೆಟ್ಟು ಮೆತ್ತಗಾಗುತ್ತದೆ. ಗಾಳಿಯ ತೂತು ಮಾತ್ರ ಮುಚ್ಚಬಾರದು. ಬುಲೆಟ್ ಇಲ್ಲದೆ ಟ್ರಿಗರ್ ಒತ್ತುವುದನ್ನು ಮಕ್ಕಳಿಗೆ ಬಿಡಿಸಿ. ಎದುರಿಗೆ ತಡೆಯೇ ಇಲ್ಲದೆ ಪಿಸ್ಟನ್ ಪೂರ್ತಿ ಬಲದಿಂದ ಬಡಿದು ಬೇಗ ಒಡೆಯುತ್ತದೆ.

ಸ್ಪ್ರಿಂಗ್? ಇಷ್ಟಾದ ಮೇಲೂ ಬೇಕೆನಿಸಿದರೆ ಸ್ವಲ್ಪವೇ ಬಿಗಿಯಾದದ್ದು ಹಾಕಿ. ಬುಲೆಟ್ಟಿನ ತೂಕ ಸುಮಾರು 1 ಗ್ರಾಂ ಅಷ್ಟೆ. ಆದರೆ ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಮಕ್ಕಳು ಒಬ್ಬರ ಮೇಲೊಬ್ಬರು ಆಡುವ ಗನ್ನಿಗೆ ನಾನು ಹಾಕುವುದಿಲ್ಲ. ಕೆಲವು ಗನ್‌ಗಳ ನಳಿಕೆಯಲ್ಲಿ, ಬುಲೆಟ್ ಇಲ್ಲದಾಗ ಗಾಳಿಯನ್ನು ತಡೆಯುವ ಪುಟ್ಟ ಕವಾಟ ಇರುತ್ತದೆ. ಜೋರು ಬರಲಿ ಎಂದು ಅದನ್ನು ಕಿತ್ತುಹಾಕುವವರಿದ್ದಾರೆ. ಕಿತ್ತರೆ ಪಿಸ್ಟನ್ನಿಗೂ ಪೆಟ್ಟು, ಜೊತೆಗೆ ಹುಡುಗರು ಬುಲೆಟ್ ಬಿಟ್ಟು ಕಡ್ಡಿ, ಕಲ್ಲು ತುರುಕುವುದಕ್ಕೂ ದಾರಿ. ಅದು ಇದ್ದಲ್ಲೇ ಇರಲಿ.

ಕಣ್ಣಿನ ವಿಷಯದಲ್ಲಿ ಉದಾಸೀನ ಬೇಡ. ಇಂಥ ಫೋಮ್ ಬುಲೆಟ್ ತಗುಲಿ ಮೂವರ ಕಣ್ಣೊಳಗೆ ರಕ್ತಸ್ರಾವವಾದದ್ದನ್ನು ಲಂಡನ್ನಿನ ಕಣ್ಣಿನ ವೈದ್ಯರು 2017ರಲ್ಲಿ ವರದಿ ಮಾಡಿದ್ದರು. ಆಡುವವರಿಗೆಲ್ಲ ಪಾಲಿಕಾರ್ಬೊನೇಟ್ (ಸುಲಭಕ್ಕೆ ಒಡೆಯದ ಗಟ್ಟಿ ಪ್ಲಾಸ್ಟಿಕ್) ಕನ್ನಡಕ ಹಾಕಿಸಿ. ಬರೀ ತಂಪು ಕನ್ನಡಕ ಸಾಲದು. ಗನ್ನಿನ ಮೂತಿಯ ಕಿತ್ತಳೆ ಬಣ್ಣವನ್ನೂ ಅಳಿಸಬೇಡಿ. ದೂರದಿಂದ ನೋಡಿದವರಿಗೆ ಅದು ಆಟಿಕೆ ಎಂದು ಹೇಳುವುದು ಆ ಬಣ್ಣವೇ.

ಜೋಡಿಸುವಾಗ ಸ್ಕ್ರೂವನ್ನು ಮೊದಲು ಹಿಂದಕ್ಕೆ ತಿರುಗಿಸಿ, ಹಳೆಯ ಥ್ರೆಡ್ಡಿಗೆ (ಸ್ಕ್ರೂ ಕೊರೆದ ಸುರುಳಿ ಗೆರೆಗೆ) ಕೂತಿದ್ದು ಕೈಗೆ ಗೊತ್ತಾದ ಮೇಲೆ ಮುಂದಕ್ಕೆ ತಿರುಗಿಸಿ. ಇಲ್ಲದಿದ್ದರೆ ಪ್ಲಾಸ್ಟಿಕ್ ಥ್ರೆಡ್ ಕಿತ್ತುಹೋಗುತ್ತದೆ. ಗಾಳಿ ಇಲ್ಲದ ಹೊತ್ತಿನಲ್ಲಿ ಮಹಡಿಯಲ್ಲಿ ಹತ್ತು ಬುಲೆಟ್ ಗೋಡೆಯ ಕಡೆಗೆ ಹಾರಿಸಿ ನೋಡಿ. ತಲೆ ಜಜ್ಜಿದ, ಮಡಿಕೆ ಬಿದ್ದ ಬುಲೆಟ್ ಬೇಡ, ಅವು ಎತ್ತೆತ್ತಲೋ ಹೋಗುತ್ತವೆ. ಆಮೇಲೆ ಸ್ಕ್ರೂಗಳನ್ನು ಒಮ್ಮೆ ಬಿಗಿ ಮಾಡಿ, ಪಿಸ್ಟನ್ ಸಡಿಲ ಬಿಟ್ಟು, ಬಿಸಿಲು ಬೀಳದ ಕಡೆ ಎತ್ತಿಡಿ.