ಬೆಂಗಳೂರಿನ ಕೋಣೆಯಲ್ಲಿ ನಿಂತವರ ಹಿಂದೆ ಮುಳ್ಳಯ್ಯನಗಿರಿಯನ್ನು ತರುವುದು ಹೇಗೆ?

ಕಾಫಿಪುಡಿಯ 10 ಸೆಕೆಂಡಿನ ಜಾಹೀರಾತೊಂದನ್ನು ಊಹಿಸಿಕೊಳ್ಳಿ. ಮುಡಿಗೆ ಮಲ್ಲಿಗೆ ಮುಡಿದ ಮಹಿಳೆಯೊಬ್ಬರು ಹಬೆಯಾಡುವ ಸ್ಟೀಲ್ ಲೋಟವನ್ನು ತುಟಿಗೆ ತರುತ್ತಾರೆ. ಅವರ ಹಿಂದೆ ಮಂಜು ಮುಸುಕಿದ ಮುಳ್ಳಯ್ಯನಗಿರಿ. ಇಡೀ ತಂಡವನ್ನು ಬೆಟ್ಟಕ್ಕೆ ಹತ್ತಿಸಿ ಮಂಜಿಗಾಗಿ ಕಾಯುವ ಬದಲು, ಮಹಿಳೆಯನ್ನು ಬೆಂಗಳೂರಿನ ಕೋಣೆಯೊಂದರಲ್ಲಿ, ಬೆಟ್ಟವನ್ನು ಬೇರೊಂದು ದಿನ, ಹಬೆಯನ್ನು ಇನ್ನೊಂದು ಸಂಜೆ ಚಿತ್ರೀಕರಿಸಿ, ಮೂರನ್ನೂ ಒಂದೇ ಚೌಕಟ್ಟಿನಲ್ಲಿ ಕೂಡಿಸುವ ಕೆಲಸಕ್ಕೆ ಕಾಂಪೋಸಿಟಿಂಗ್ ಎನ್ನುತ್ತಾರೆ. ಇದಕ್ಕೆ ಬೇಕಾದ ತಂತ್ರಾಂಶ ಈಗ ದುಬಾರಿಯೇನಲ್ಲ: ಬ್ಲೆಂಡರ್ ಪೂರ್ತಿ ಉಚಿತ, ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿಯೇ ಈ ಕೆಲಸಕ್ಕಾಗಿ ಫ್ಯೂಷನ್ ಎಂಬ ವಿಭಾಗವಿದೆ. ಕೆಲಸ ಕೆಡುವುದು ಹೆಚ್ಚಾಗಿ ಚಿತ್ರೀಕರಣದಲ್ಲಿ. ಹೀಗಾಗಿ ಈ ಲೇಖನದ ಅರ್ಧದಷ್ಟು ಕಂಪ್ಯೂಟರ್ ತೆರೆಯುವುದಕ್ಕೆ ಮುಂಚಿನ ಮಾತು.

ಮೊದಲು ಬೆಟ್ಟವನ್ನು ಚಿತ್ರೀಕರಿಸಿಕೊಳ್ಳಿ. ಕೋಣೆಯ ಬೆಳಕನ್ನು ನಮಗೆ ಬೇಕಾದಂತೆ ತಿರುಗಿಸಬಹುದು, ಬೆಟ್ಟದ ಬೆಳಕನ್ನು ತಿರುಗಿಸಲಾಗದು. ಲೆನ್ಸ್ ಯಾವುದು, ಕ್ಯಾಮೆರಾ ನೆಲದಿಂದ ಎಷ್ಟು ಎತ್ತರದಲ್ಲಿತ್ತು, ಎಷ್ಟು ಬಾಗಿತ್ತು, ಸೂರ್ಯ ಯಾವ ಕಡೆಗಿದ್ದ ಎಂಬುದನ್ನು ಅಲ್ಲಿಯೇ ಬರೆದಿಟ್ಟುಕೊಂಡು, ಕೋಣೆಯಲ್ಲಿ ಅದನ್ನೇ ಅನುಸರಿಸಬೇಕು. ಮಂಜಿನ ದಿನ ನೆರಳುಗಳು ಗಾಢವಾಗಿರುವುದಿಲ್ಲ. ಕೋಣೆಯ ದೀಪಕ್ಕೂ ದೊಡ್ಡ ಬಿಳಿ ಬಟ್ಟೆ ಅಡ್ಡಹಿಡಿದು ಬೆಳಕನ್ನು ಮೆದುವಾಗಿಸಿ.

ಇನ್ನು ಪರದೆ. ವ್ಯಕ್ತಿಯ ಹಿಂದೆ ಹಸಿರು ಪರದೆ ಕಟ್ಟಿ ಚಿತ್ರೀಕರಿಸಿದರೆ, ಆಮೇಲೆ ಕಂಪ್ಯೂಟರಿನಲ್ಲಿ ಆ ಹಸಿರನ್ನಷ್ಟೇ ತೆಗೆದು ಅಲ್ಲಿ ಬೆಟ್ಟವನ್ನು ಕೂರಿಸಬಹುದು. ಬಹುತೇಕ ಡಿಜಿಟಲ್ ಕ್ಯಾಮೆರಾಗಳ ಸೆನ್ಸರ್‌ನಲ್ಲಿ ಪ್ರತಿ 4 ಬಿಂದುಗಳಲ್ಲಿ 2 ಹಸಿರಿಗೆ ಮೀಸಲಾಗಿದ್ದು, ಕೆಂಪು ಮತ್ತು ನೀಲಿಗೆ ತಲಾ ಒಂದಿರುತ್ತದೆ. ಆದ್ದರಿಂದ ಹಸಿರಿನ ಮಾಹಿತಿ ಹೆಚ್ಚು ಸ್ಪಷ್ಟ. ಚರ್ಮದ ಬಣ್ಣಕ್ಕೂ ಅದು ದೂರ. ಆದರೆ ನಮ್ಮ ಉಡುಗೆತೊಡುಗೆಗೆ ಹಸಿರು ದೂರವಲ್ಲ. ಕೆಲವು ವರ್ಷಗಳ ಹಿಂದೆ ಮದುವೆ ಸೀರೆಗಳ ಜಾಹೀರಾತೊಂದರಲ್ಲಿ ಮದುಮಗಳ ಕೈತುಂಬ ಹಸಿರು ಗಾಜಿನ ಬಳೆ ಇದ್ದುದನ್ನು ನಾವು ಯಾರೂ ಗಮನಿಸಲಿಲ್ಲ. ಪರದೆ ತೆಗೆದಾಗ ಬಳೆಗಳೂ ಹೋಗಿ, ಮುಂಗೈ ಸೌತೆಕಾಯಿ ಬಿಲ್ಲೆಗಳಂತೆ ತುಂಡುತುಂಡಾಗಿ ಗಾಳಿಯಲ್ಲಿ ನಿಂತಿತ್ತು. ಒಂದೊಂದೇ ಫ್ರೇಮಿನಲ್ಲಿ ಕೈಯ ಸುತ್ತ ಗೆರೆ ಎಳೆಯುವ ರೋಟೋ ಕೆಲಸಕ್ಕೆ ಮೂರು ರಾತ್ರಿ ಹಿಡಿಯಿತು. ಹಸಿರು ಬಳೆ ಇರಲೇಬೇಕೆಂದಾದರೆ ನೀಲಿ ಪರದೆ ಕಟ್ಟಿ.

ಪರದೆಯ ಸುಕ್ಕನ್ನು ಇಸ್ತ್ರಿ ಮಾಡಿ, ಅದಕ್ಕೆ ಪ್ರತ್ಯೇಕ ದೀಪಗಳಿಂದ ಒಂದೇ ಸಮನಾಗಿ ಬೆಳಕು ಕೊಟ್ಟು, ವ್ಯಕ್ತಿಯನ್ನು ಕನಿಷ್ಠ 6ರಿಂದ 8 ಅಡಿ ಮುಂದೆ ನಿಲ್ಲಿಸಿ. ಹತ್ತಿರ ನಿಂತರೆ ಹಸಿರು ಬೆಳಕು ಕೆನ್ನೆಗೂ ಮಲ್ಲಿಗೆಗೂ ಮೆತ್ತಿಕೊಳ್ಳುತ್ತದೆ. ಇದನ್ನು ಸ್ಪಿಲ್ ಎನ್ನುತ್ತಾರೆ. ಸಾಧ್ಯವಾದರೆ 10 ಬಿಟ್, 4:2:2 ಮಾದರಿಯಲ್ಲಿ ರೆಕಾರ್ಡ್ ಮಾಡಿ. 8 ಬಿಟ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳಿದ್ದರೆ 10 ಬಿಟ್‌ನಲ್ಲಿ 1,024 ಹಂತಗಳಿರುತ್ತವೆ. 4:2:2 ಮಾದರಿ ಪ್ರತಿ 2 ಪಿಕ್ಸೆಲ್‌ಗಳಿಗೆ ಒಂದು ಬಣ್ಣದ ಮಾಹಿತಿ ಇಡುತ್ತದೆ. 4:2:0 ಮಾದರಿ 4 ಪಿಕ್ಸೆಲ್‌ಗಳಿಗೆ ಸೇರಿಸಿ ಒಂದೇ ಬಣ್ಣದ ಮಾಹಿತಿ ಇಡುವುದರಿಂದ ಕೂದಲಿನ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ.

ಸ್ಟೀಲ್ ಲೋಟ ಎಲ್ಲಕ್ಕಿಂತ ದೊಡ್ಡ ತಲೆನೋವು, ಏಕೆಂದರೆ ಅದು ಕನ್ನಡಿ. ಕೋಣೆಯಲ್ಲಿರುವ ಹಸಿರೆಲ್ಲ ಅದರ ಮೈಮೇಲೆ ಪಟ್ಟಿಯಾಗಿ ಮೂಡಿ, ಆ ಪಟ್ಟಿಗಳಲ್ಲೆಲ್ಲ ತೂತು ಬೀಳುತ್ತದೆ. ಚೌಕಟ್ಟಿನಿಂದ ಹೊರಗುಳಿಯುವ ಪರದೆಯನ್ನೆಲ್ಲ ಬಿಳಿ ಅಥವಾ ಬೂದು ಬಟ್ಟೆಯಿಂದ ಮುಚ್ಚಿ, ಲೋಟಕ್ಕೆ ಎದುರಾಗಿ ಒಂದು ಬಿಳಿ ಹಲಗೆ ಹಿಡಿಯಿರಿ. ಮಂಜಿನ ಆಕಾಶವೂ ಬೂದುಬಿಳಿಯೇ ಆದ್ದರಿಂದ ಈ ಪ್ರತಿಬಿಂಬ ಬೆಟ್ಟದ ದೃಶ್ಯಕ್ಕೆ ತಾನಾಗಿ ಒಗ್ಗುತ್ತದೆ. ಅಂಚಿನಲ್ಲಿ ಉಳಿದ ಹಸಿರಿಗೆ ಲೋಟದ ಆಕಾರದ ರೋಟೋ ಸಾಕು.

ಕಂಪ್ಯೂಟರಿನಲ್ಲಿ ಮೊದಲ ಕೆಲಸ ಕೀಯಿಂಗ್, ಅಂದರೆ ಪರದೆಯ ಬಣ್ಣವನ್ನು ಗುರುತಿಸಿ ತೆಗೆಯುವುದು. ಒಂದು ಪಿಕ್ಸೆಲ್‌ನಲ್ಲಿ ಹಸಿರು, ಉಳಿದೆರಡು ಬಣ್ಣಗಳಿಗಿಂತ ಎಷ್ಟು ಹೆಚ್ಚಾಗಿದೆಯೋ ಅಷ್ಟು ಅದು ಪರದೆ ಎಂದು ತಂತ್ರಾಂಶ ಲೆಕ್ಕ ಹಾಕುತ್ತದೆ. ಹಾಲಿವುಡ್ ತಂತ್ರಜ್ಞ ಪೆಟ್ರೊ ವ್ಲಾಹೋಸ್ ನೀಲಿ ಪರದೆಗಾಗಿ ಇದೇ ಬಗೆಯ ವರ್ಣವ್ಯತ್ಯಾಸದ ಉಪಾಯವನ್ನು ಫಿಲ್ಮಿನ ಕಾಲದಲ್ಲಿಯೇ ರೂಪಿಸಿದ್ದರು. 1959ರ ‘ಬೆನ್‌ಹರ್’ ಚಿತ್ರದಲ್ಲಿ ಅದು ಬಳಕೆಯಾಯಿತು. ಲೆಕ್ಕದ ಫಲವಾಗಿ ಆಲ್ಫಾ ಎಂಬ ಕಪ್ಪುಬಿಳುಪು ಚಿತ್ರ ದೊರೆಯುತ್ತದೆ: ಬಿಳಿ ಇದ್ದಲ್ಲಿ ವ್ಯಕ್ತಿ ಉಳಿಯುತ್ತಾರೆ, ಕಪ್ಪು ಇದ್ದಲ್ಲಿ ಬೆಟ್ಟ ಕಾಣುತ್ತದೆ, ಮುಂಗುರುಳಿನ ಜಾಗ ಬೂದಾಗಿರುತ್ತದೆ. ಆ ಬೂದನ್ನು ಉಳಿಸಿಕೊಳ್ಳುವುದರಲ್ಲಿಯೇ ಕೈಚಳಕ ಇರುವುದು. ಒಂದೇ ಕೀಯಿಂದ ಎಲ್ಲವನ್ನೂ ಸಾಧಿಸಲು ಹೋಗದೆ, ದೇಹದ ಒಳಭಾಗಕ್ಕೆ ಗಟ್ಟಿಯಾದ ಒಂದು, ಕೂದಲಿಗೆ ಮೆದುವಾದ ಇನ್ನೊಂದು ಮಾಡಿ ಕೂಡಿಸಿ. ಬಳಿಕ ಹಸಿರಿನ ಪ್ರಮಾಣ ಕೆಂಪು, ನೀಲಿಗಳಲ್ಲಿ ದೊಡ್ಡದನ್ನು ಮೀರದಂತೆ ತಡೆದರೆ ಮಲ್ಲಿಗೆ ಮತ್ತೆ ಬೆಳ್ಳಗಾಗುತ್ತದೆ.

ಹಬೆಯನ್ನು ಕಪ್ಪು ಬಟ್ಟೆಯ ಮುಂದೆ, ಹಿಂಬದಿಯಿಂದ ಬೆಳಕು ಬಿಟ್ಟು ಚಿತ್ರೀಕರಿಸಿ, ಸ್ಕ್ರೀನ್ ಎಂಬ ವಿಧಾನದಲ್ಲಿ ಮೇಲೆ ಹಾಸಿ. ಇಲ್ಲಿ ಕಪ್ಪು ಏನನ್ನೂ ಬದಲಿಸುವುದಿಲ್ಲ; ಕಪ್ಪನ್ನು 0, ಬಿಳಿಯನ್ನು 1 ಎಂದುಕೊಂಡರೆ, ಹಿನ್ನೆಲೆ 0.5, ಹಬೆ 0.4 ಇದ್ದರೆ ಫಲ 0.7 ಆಗುತ್ತದೆ. ಲೋಟದ ಚಲನೆಯನ್ನು ಫ್ರೇಮಿನಿಂದ ಫ್ರೇಮಿಗೆ ಹಿಂಬಾಲಿಸುವ ಟ್ರ್ಯಾಕಿಂಗ್ ಮೂಲಕ ಹಬೆಯನ್ನು ಲೋಟದ ಅಂಚಿಗೆ ಕಟ್ಟಬೇಕು, ಆದರೆ ಬುಡವನ್ನು ಮಾತ್ರ. ಲೋಟ ಮೇಲೇಳುವಾಗ ಹಬೆಯ ತುದಿ ಸ್ವಲ್ಪ ಹಿಂದುಳಿಯಬೇಕು. ಪೂರ್ತಿ ಅಂಟಿಕೊಂಡು ಚಲಿಸಿದರೆ ಹಬೆಯಲ್ಲ, ಲೋಟಕ್ಕೆ ಸಿಕ್ಕಿಸಿದ ಹತ್ತಿಯಂತೆ ಕಾಣುತ್ತದೆ. ಇಲ್ಲದ ಹಬೆಯನ್ನು ಸೇರಿಸುವುದು ಸರಿಯೇ, ಆದರೆ ಮಾರುವ ಪುಡಿಯ ಬಣ್ಣವನ್ನೋ ನೊರೆಯನ್ನೋ ಉತ್ಪ್ರೇಕ್ಷಿಸುವ ಮುನ್ನ, ದಾರಿತಪ್ಪಿಸುವ ಜಾಹೀರಾತುಗಳ ತಡೆಗೆ 2022ರ ಜೂನ್‌ನಲ್ಲಿ ಹೊರಬಂದ ಕೇಂದ್ರದ ಮಾರ್ಗಸೂಚಿಯನ್ನು ಒಮ್ಮೆ ಓದಿಕೊಳ್ಳಿ.

ಕಡೆಯದು ಹೊಂದಿಸುವ ಕೆಲಸ. ಮಂಜಿನಲ್ಲಿ ದೂರದ ಕಪ್ಪು ಕಪ್ಪಾಗಿ ಉಳಿಯುವುದಿಲ್ಲ, ಬೂದಾಗುತ್ತದೆ. ಹತ್ತಿರವಿರುವ ಮಹಿಳೆಯ ಕೂದಲು ಬೆಟ್ಟದ ನೆರಳಿಗಿಂತ ಗಾಢವಾಗಿರಬೇಕು, ಆದರೆ ಕತ್ತರಿಸಿ ಅಂಟಿಸಿದಷ್ಟು ಗಾಢವಾಗಿರಬಾರದು. ಹಿನ್ನೆಲೆಯ ಬೆಳಕನ್ನು ಭುಜದ ಅಂಚಿಗೆ ತುಸು ಹರಿಸಿ, ಬೆಟ್ಟವನ್ನು ಲೆನ್ಸಿಗೆ ತಕ್ಕಷ್ಟು ಮಸುಕಾಗಿಸಿ, ಎರಡೂ ಚಿತ್ರಗಳ ಗ್ರೇನ್, ಅಂದರೆ ಚಿತ್ರದ ಮೇಲಿನ ಸಣ್ಣ ಕಣಕಣ, ಒಂದೇ ತೆರನಾಗಿಸಿ. ನಂತರ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಒಂದೊಂದಾಗಿ ತೆರೆದು ನೋಡಿ. ಬಣ್ಣದಲ್ಲಿ ಅಡಗಿದ್ದ ತಪ್ಪು ನೀಲಿ ಚಾನೆಲ್‌ನಲ್ಲಿ ಹಲವು ಬಾರಿ ಎದ್ದು ಕಾಣುತ್ತದೆ. ಅದು ಸರಿಹೋದ ಮೇಲೆ ಮೊಬೈಲಿನ ಬೆಳಕನ್ನು ಪೂರ್ತಿ ಏರಿಸಿ, ಲೋಟ ತುಟಿಗೆ ತಾಗುವ ಆ ಅರ್ಧ ಸೆಕೆಂಡನ್ನು ಹತ್ತು ಬಾರಿ ತಿರುಗಿಸಿ ನೋಡಿ, ಆಮೇಲೆ ರೆಂಡರ್‌ಗೆ ಹಾಕಿ.