ನಿಂತ ಹೃದಯ ಮತ್ತೆ ಬಡಿದ ಮೇಲೆ: ಮಿದುಳಿಗಾಗಿ ಮೈಬಿಸಿ ಕಾಯುವ ಬಗೆ

ಎದೆ ಒತ್ತಿ, ಶಾಕ್ ಕೊಟ್ಟು, ನಿಂತಿದ್ದ ಹೃದಯ ಮತ್ತೆ ಬಡಿಯತೊಡಗಿದಾಗ ಮುಗಿದಿರುವುದು ಅರ್ಧ ಕೆಲಸ ಮಾತ್ರ. ರಕ್ತ ಹರಿಯದ ಆ ಕೆಲವು ನಿಮಿಷಗಳಲ್ಲಿ ಮಿದುಳಿಗೆ ಬಿದ್ದ ಪೆಟ್ಟು, ರಕ್ತ ಮರಳಿದ ಮೇಲೂ ಗಂಟೆಗಟ್ಟಲೆ, ದಿನಗಟ್ಟಲೆ ಬೆಳೆಯುತ್ತದೆ. ಕೋಶಗಳ ಒಳಕ್ಕೆ ಕ್ಯಾಲ್ಸಿಯಂ ನುಗ್ಗುತ್ತದೆ, ಊತ ಶುರುವಾಗುತ್ತದೆ. ಆ ಹೊತ್ತಿಗೆ ಜ್ವರವೂ ಸೇರಿಕೊಂಡರೆ ಉರಿವ ಒಲೆಗೆ ಸೌದೆ ಒಡ್ಡಿದಂತೆ. ಮೈಬಿಸಿ ಒಂದು ಡಿಗ್ರಿ ಇಳಿದರೆ ಮಿದುಳಿನ ಆಮ್ಲಜನಕದ ಬೇಡಿಕೆ ಸುಮಾರು ಶೇ 6ರಿಂದ 8ರಷ್ಟು ಇಳಿಯುತ್ತದೆ; ಏರಿದರೆ ಬೇಡಿಕೆಯೂ ಏರುತ್ತದೆ.

ದುಬಾರಿ ಕೂಲಿಂಗ್ ಯಂತ್ರ ಇಲ್ಲದ ಐಸಿಯುಗಳಲ್ಲಿ ಪಾಳಿ ಮಾಡುವ ನರ್ಸ್‌ಗಳು ಮತ್ತು ಡ್ಯೂಟಿ ಡಾಕ್ಟರ್‌ಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದೆ. ಔಷಧದ ಪ್ರಮಾಣಗಳು ವಯಸ್ಕರಿಗೆ ಮಾತ್ರ. ರೋಗಿಯ ತೂಕ, ಲಿವರ್, ಬಿಪಿ ನೋಡಿ ಕೊನೆಯ ಮಾತು ಹೇಳಬೇಕಾದವರು ಚಿಕಿತ್ಸೆ ಕೊಡುವ ವೈದ್ಯರೇ. ಹುಟ್ಟುವಾಗ ಉಸಿರುಗಟ್ಟಿದ ಶಿಶುಗಳನ್ನು ತಂಪು ಮಾಡುವ ಕ್ರಮವೇ ಬೇರೆ, ಅದಕ್ಕೂ ಇದಕ್ಕೂ ಬೆರಕೆ ಬೇಡ.

ಯಾರಿಗೆ ಇದು ಬೇಕು? ಹೃದಯ ಮತ್ತೆ ಬಡಿದರೂ ಎಚ್ಚರವಾಗದೆ, 'ಕೈ ಎತ್ತಿ' ಎಂದರೆ ಎತ್ತದೆ ಮಲಗಿರುವವರಿಗೆ. ಎದ್ದು ಮಾತಾಡುತ್ತಿರುವವರಿಗೆ ಬೇಡ. ಹೃದಯ ಮನೆಯಲ್ಲಿ ನಿಂತಿತೋ ವಾರ್ಡಿನಲ್ಲಿ ನಿಂತಿತೋ, ಶಾಕ್ ಬೇಕಾಯಿತೋ ಇಲ್ಲವೋ, ನಿಯಮ ಒಂದೇ.

ಎಷ್ಟು ಡಿಗ್ರಿ ಎಂಬ ವಿಚಾರದಲ್ಲಿ ಹಳೆಯ ಪಾಠ ಇನ್ನೂ ಹಲವರ ತಲೆಯಲ್ಲಿದೆ. 2002ರಲ್ಲಿ ಯುರೋಪ್ ಮತ್ತು ಆಸ್ಟ್ರೇಲಿಯಾದಿಂದ ಬಂದ ಎರಡು ಅಧ್ಯಯನಗಳು, ಮೈಯನ್ನು 32–34 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿದರೆ ಹೆಚ್ಚು ಜನ ಒಳ್ಳೆಯ ಸ್ಥಿತಿಯಲ್ಲಿ ಮನೆಗೆ ಹೋಗುತ್ತಾರೆ ಎಂದು ತೋರಿಸಿದವು. ಲೋಕವೆಲ್ಲ ಐಸ್ ಹಿಡಿಯಿತು. 2013ರಲ್ಲಿ 33 ಮತ್ತು 36 ಡಿಗ್ರಿಗಳನ್ನು ಹೋಲಿಸಿದಾಗ ವ್ಯತ್ಯಾಸ ಸಿಗಲಿಲ್ಲ. 2021ರಲ್ಲಿ ಸುಮಾರು 1,900 ರೋಗಿಗಳ ಅಧ್ಯಯನದಲ್ಲಿ 33 ಡಿಗ್ರಿಗೆ ಇಳಿಸಿದವರಿಗೂ, ಬರೀ ಜ್ವರ ಬಾರದಂತೆ ಕಾದವರಿಗೂ ಫಲಿತಾಂಶ ಒಂದೇ ಆಯಿತು. ತಂಪು ಮಾಡಿದವರಲ್ಲಿ ಬಿಪಿ ಕೆಡಿಸುವಂಥ ಹೃದಯದ ಲಯದೋಷ ಹೆಚ್ಚು ಕಂಡಿತು. ಶಾಕ್‌ಗೆ ಒಗ್ಗದ ಲಯದಲ್ಲಿ ಹೃದಯ ನಿಂತವರಿಗೆ 33 ಡಿಗ್ರಿ ಸ್ವಲ್ಪ ಅನುಕೂಲ ಎಂದು 2019ರ ಫ್ರಾನ್ಸಿನ ಅಧ್ಯಯನ ಹೇಳಿದ್ದುಂಟು, ಹಾಗಾಗಿ ಕೆಲವು ಕೇಂದ್ರಗಳು ಇಂದಿಗೂ ಆ ದಾರಿ ಬಿಟ್ಟಿಲ್ಲ. ಆದರೆ ಯಂತ್ರವೂ ಸಿಬ್ಬಂದಿಯೂ ಸಾಲದ ಕಡೆ 33ರ ಹಿಂದೆ ಓಡುವುದು ತಪ್ಪು ಎಂಬುದು ನಮ್ಮ ಖಚಿತ ಅಭಿಪ್ರಾಯ. ನೆನಪಿಡಬೇಕಾದ ಗೆರೆ 37.5 ಡಿಗ್ರಿ, ಅಂದರೆ 99.5 ಫ್ಯಾರನ್‌ಹೀಟ್. ಅದನ್ನು ದಾಟಬಾರದು.

ಅಳತೆಯಿಂದಲೇ ಶುರು ಮಾಡಿ, ಏಕೆಂದರೆ ಎಡವುವುದು ಇಲ್ಲೇ. ಕಂಕುಳಿನ ಥರ್ಮಾಮೀಟರ್ ಈ ಕೆಲಸಕ್ಕೆ ಬಾರದು. ಬಿಪಿ ತೀರಾ ಬಿದ್ದು ಶಾಕ್ ಸ್ಥಿತಿಗೆ ಹೋದ ರೋಗಿಯ ಚರ್ಮ ತಣ್ಣಗಿದ್ದರೂ ಒಳಗೆ 38.5 ಇರಬಹುದು; ಅದೇ ಕಂಕುಳಲ್ಲಿ ಐಸ್ ಪ್ಯಾಕ್ ಇಟ್ಟಿದ್ದರಂತೂ ನೀವು ಅಳೆಯುವುದು ಐಸಿನ ತಾಪವನ್ನು. ಕಿವಿಯ, ಹಣೆಯ ಥರ್ಮಾಮೀಟರ್‌ಗಳನ್ನೂ ನಂಬಬೇಡಿ. ಮಾನಿಟರ್‌ಗೆ ಜೋಡಿಸುವ ಅನ್ನನಾಳದ ಪ್ರೋಬ್ (ತಾಪ ಅಳೆಯುವ ತಂತಿ) ಎಲ್ಲಕ್ಕಿಂತ ಒಳ್ಳೆಯದು. ಅದರ ತುದಿ ಅನ್ನನಾಳದ ಕೆಳಗಿನ ಮೂರನೇ ಒಂದು ಭಾಗದಲ್ಲಿ, ಹೃದಯದ ಬೆನ್ನಿಗೆ ಬರಬೇಕು. ಮೇಲೆ ನಿಂತರೆ ಶ್ವಾಸನಾಳದ ಗಾಳಿ ತಾಗಿ ಓದಿಕೆ ಕೆಡುತ್ತದೆ, ಹೊಟ್ಟೆಗೆ ಇಳಿದರೆ ಟ್ಯೂಬಿನಲ್ಲಿ ಕೊಟ್ಟ ಆಹಾರದ ಬಿಸಿ ತೋರಿಸುತ್ತದೆ. ಟ್ಯೂಬುಗಳ ಜಾಗ ನೋಡಲು ತೆಗೆಯುವ ಎಕ್ಸ್‌ರೇಯಲ್ಲೇ ಇದನ್ನೂ ನೋಡಿಬಿಡಿ. ತಾಪ ಅಳೆಯುವ ಮೂತ್ರದ ಕ್ಯಾಥೆಟರ್ ಇದ್ದರೆ ಅದೂ ಆದೀತು, ಆದರೆ ಮೂತ್ರ ಕಡಿಮೆಯಾದರೆ ಅದು ಸುಳ್ಳು ಹೇಳುತ್ತದೆ. ಗುದದ್ವಾರದ ಪ್ರೋಬ್ ನಡೆದೀತು, ಮೈ ಬೇಗ ತಣಿಯುವಾಗ ಮಾತ್ರ ಹಿಂದೆ ಬೀಳುತ್ತದೆ. ಓದಿಕೆಯನ್ನು ಪ್ರತಿ ಗಂಟೆಗೂ ಚಾರ್ಟ್‌ನಲ್ಲಿ ಬರೆಯಿರಿ, ಐಸ್ ಇಟ್ಟಿರುವಾಗ 15 ನಿಮಿಷಕ್ಕೊಮ್ಮೆ.

ಓದಿಕೆ 37 ದಾಟಿ ಏರುತ್ತಿದೆ ಎಂದರೆ ಆಗಲೇ ಕೈಹಚ್ಚಿ, 38.5 ಆಗುವವರೆಗೆ ಕಾಯಬೇಡಿ. ಮೊದಲು ಹೊದಿಕೆ ತೆಗೆದು ಒಂದು ತೆಳು ಬಟ್ಟೆ ಸಾಕು ಮಾಡಿ. ಎಸಿ ಇದ್ದರೆ ತಂಪಾಗಿಡಿ; ಕಲಬುರಗಿ, ರಾಯಚೂರು ಕಡೆ ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟಿರುವಾಗ ಕಿಟಕಿ ಪಕ್ಕದ ಹಾಸಿಗೆಗೂ ಒಳಗಿನ ಹಾಸಿಗೆಗೂ ಇರುವ ವ್ಯತ್ಯಾಸ ಸಣ್ಣದಲ್ಲ. ಪ್ಯಾರಾಸಿಟಮಾಲ್ 1 ಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ 4 ಗ್ರಾಂ ಮೀರದಂತೆ. 50 ಕೆಜಿಗಿಂತ ಕಡಿಮೆ ತೂಕದವರಿಗೆ ಕೆಜಿಗೆ 15 ಮಿಗ್ರಾಂ ಲೆಕ್ಕ. ಹೃದಯ ನಿಂತಾಗ ಲಿವರ್‌ಗೂ ಪೆಟ್ಟು ಬಿದ್ದಿರುತ್ತದೆ, ರಿಪೋರ್ಟ್ ನೋಡಿಯೇ ಮುಂದುವರಿಸಿ. ರಕ್ತನಾಳದಲ್ಲಿ ಕೊಡುವಾಗ ಬಿಪಿ ಬೀಳುವುದುಂಟು. ಈ ಒಂದು ಔಷಧದಿಂದಲೇ ಎಲ್ಲ ಸರಿಹೋಗದು. ಮಿದುಳಿನ ತಾಪನಿಯಂತ್ರಣವೇ ಕೆಟ್ಟಿರುವಾಗ ಅದು ಅರ್ಧ ಡಿಗ್ರಿ ಇಳಿಸಿದರೂ ಹೆಚ್ಚು.

ಮುಂದಿನದು ಒದ್ದೆ ಬಟ್ಟೆ ಮತ್ತು ಫ್ಯಾನ್. ಎದೆ, ಹೊಟ್ಟೆ, ತೊಡೆಯನ್ನು ಉಗುರುಬೆಚ್ಚಗಿನ ನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ ಫ್ಯಾನ್ ಬಿಡಿ. ನೀರು ಆರುವಾಗ ಬಿಸಿ ಹೊರಟುಹೋಗುತ್ತದೆ. ಐಸು ನೀರು ಬೇಡ, ಚರ್ಮದ ರಕ್ತನಾಳಗಳು ಮುದುಡಿ ಬಿಸಿ ಒಳಗೇ ಉಳಿಯುತ್ತದೆ. ಶಾಕ್ ಕೊಡುವ ಹೊತ್ತು ಬಂದರೆ ಮೊದಲು ಎದೆಯನ್ನು ಒರೆಸಿ ಒಣಗಿಸಬೇಕು ಎಂಬುದು ಮರೆಯದಿರಲಿ. ಇದಕ್ಕೂ ಜಗ್ಗದಿದ್ದರೆ ಐಸ್ ಪ್ಯಾಕ್: ಕತ್ತಿನ ಎರಡು ಬದಿ, ಕಂಕುಳು, ತೊಡೆಸಂದು. ಬರಿಯ ಐಸನ್ನು ಚರ್ಮಕ್ಕೆ ತಾಗಿಸದೆ ಬಟ್ಟೆಯಲ್ಲಿ ಸುತ್ತಿಡಿ, ಆಗಾಗ ಎತ್ತಿ ಕೆಳಗಿನ ಚರ್ಮ ಬಿಳಿಚಿದೆಯೇ, ನೀಲಿಯಾಗಿದೆಯೇ ನೋಡಿ. ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಓಡುತ್ತಿರುವ ರೋಗಿಯ ಚರ್ಮ ಬೇಗ ಸುಡುತ್ತದೆ. ಗುರಿಗೆ ಅರ್ಧ ಡಿಗ್ರಿ ಇರುವಾಗಲೇ ಐಸ್ ತೆಗೆಯಿರಿ, ತೆಗೆದ ಮೇಲೂ ತಾಪ ಇಳಿಯುತ್ತಲೇ ಇರುತ್ತದೆ. ಸಂಜೆ 38.4, ರಾತ್ರಿ 35.2, ಬೆಳಗ್ಗೆ 38.1 ಎಂಬ ಚಾರ್ಟ್ ಐಸ್ ಇಟ್ಟು ಮರೆತವರ ಚಾರ್ಟ್.

ಆಂಬ್ಯುಲೆನ್ಸಿನಲ್ಲೇ ಫ್ರಿಜ್ಜಿನ ತಣ್ಣನೆ ಸಲೈನನ್ನು ರಭಸದಿಂದ ಬಿಡುವ ಪದ್ಧತಿ ಬೇಡವೇ ಬೇಡ. 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಮೆರಿಕದ ಸಿಯಾಟಲ್ ಸುತ್ತಮುತ್ತಲ ಸಾವಿರಕ್ಕೂ ಹೆಚ್ಚು ರೋಗಿಗಳ ಪೈಕಿ ಅರ್ಧದಷ್ಟು ಮಂದಿಗೆ ಎರಡು ಲೀಟರಿನವರೆಗೆ ಹೀಗೆ ಕೊಟ್ಟು ನೋಡಿದಾಗ ಪ್ರಯೋಜನ ಕಾಣಲಿಲ್ಲ. ಹೃದಯ ಮತ್ತೆ ನಿಲ್ಲುವುದೂ ಶ್ವಾಸಕೋಶದಲ್ಲಿ ನೀರು ತುಂಬುವುದೂ ಹೆಚ್ಚಾಯಿತು.

ಇನ್ನು ನಡುಕ. ಇಷ್ಟೆಲ್ಲ ಮಾಡಿದ್ದನ್ನು ಒಂದೇ ಏಟಿಗೆ ಹಾಳು ಮಾಡುವುದು ಇದು. ನಡುಗುವ ಸ್ನಾಯು ಬಿಸಿ ಹುಟ್ಟಿಸುತ್ತದೆ, ಮಿದುಳಿಗೆ ಬೇಕಾದ ಆಮ್ಲಜನಕವನ್ನು ತಾನೇ ತಿನ್ನುತ್ತದೆ. ಕೈಕಾಲು ಅದುರುವವರೆಗೆ ಕಾದರೆ ತಡವಾಯಿತು. ಅಂಗೈಯನ್ನು ರೋಗಿಯ ದವಡೆಯ ಕೀಲಿನ ಹತ್ತಿರ, ಆಮೇಲೆ ಕತ್ತು ಮತ್ತು ಎದೆಯ ಮೇಲೆ ಮೆಲ್ಲನೆ ಇಟ್ಟು ಒಂದೆರಡು ನಿಮಿಷ ಸುಮ್ಮನಿರಿ. ಕಣ್ಣಿಗೆ ಕಾಣದ ಸಣ್ಣ ಗುಂಯ್‌ಗುಡುವಿಕೆ ಕೈಗೆ ಸಿಗುತ್ತದೆ. ಇಸಿಜಿಯ ತಳಗೆರೆ ನೂಲು ಎಳೆಎಳೆಯಾಗಿ ಬಿಚ್ಚಿದಂತೆ ಒರಟಾಗುವುದೂ ಅದೇ ಸುಳಿವು. ನಡುಕ ಇಲ್ಲದಿದ್ದರೆ 0, ಕತ್ತು–ಎದೆಯಲ್ಲಿ ಮಾತ್ರವಾದರೆ 1, ತೋಳಿಗೂ ಬಂದರೆ 2, ತೋಳು ಕಾಲು ಎಲ್ಲಕ್ಕೂ ಹಬ್ಬಿದರೆ 3 ಎಂದು ಗಂಟೆಗೊಮ್ಮೆ ಬರೆಯಿರಿ.

ಆ ಅಂಕ 1 ಆದಾಗಲೇ ಚಿಕಿತ್ಸೆ ಶುರು. ಅಂಗೈ, ಪಾದಗಳನ್ನು ಬೆಚ್ಚಗೆ ಸುತ್ತಿ. ಕೈಕಾಲು ಬೆಚ್ಚಗಿದ್ದರೆ ಮಿದುಳಿಗೆ ಚಳಿಯ ಸುದ್ದಿ ಕಡಿಮೆ ಹೋಗುತ್ತದೆ. ಮೈ ತಂಪು ಮಾಡುತ್ತಾ ಕಾಲುಚೀಲ ಹಾಕುವುದು ವಿಚಿತ್ರ ಅನ್ನಿಸಬಹುದು, ಆದರೂ ಹಾಕಿ. ಆಮೇಲೆ ಮೆಗ್ನೀಸಿಯಂ, ನೋವಿನ ಔಷಧ ಫೆಂಟನಿಲ್, ನಿದ್ರೆಯ ಔಷಧ ಪ್ರೊಪೊಫಾಲ್. ಇನ್ನೊಂದು ನೋವಿನ ಔಷಧ ಪೆಥಿಡಿನ್ 25 ಮಿಗ್ರಾಂ ಹಲವರಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಕಿಡ್ನಿ ಸೋತವರಲ್ಲಿ ಅದು ಫಿಟ್ಸ್ ತರಬಲ್ಲದು. ಡೆಕ್ಸ್‌ಮೆಡಿಟೊಮಿಡಿನ್ ಎಂಬ ನಿದ್ರೆಯ ಔಷಧವನ್ನೂ ಕೊಡಬಹುದು, ಆದರೆ ಅದು ನಾಡಿ ನಿಧಾನಿಸುತ್ತದೆ. ಸ್ನಾಯು ಸಡಿಲಿಸುವ ಇಂಜೆಕ್ಷನ್ ಕೊನೆಗೆ, ಅದೂ ನಿದ್ರೆಯ ಔಷಧ ಸಾಕಷ್ಟು ಇದ್ದಾಗ ಮಾತ್ರ. ಅದು ನಡುಕದ ಜೊತೆ ಫಿಟ್ಸನ್ನೂ ಮುಚ್ಚಿಹಾಕುತ್ತದೆ, ಮಿದುಳಿನ ವಿದ್ಯುತ್ ಅಲೆ ನೋಡುವ ಇಇಜಿ ಇಲ್ಲದ ಕಡೆ ಇದು ದೊಡ್ಡ ಅಪಾಯ. ರೆಪ್ಪೆ, ಬಾಯಿಯ ಮೂಲೆ, ಬೆರಳು ತಾಳ ಹಾಕಿದಂತೆ ಎಗರುತ್ತಿದ್ದರೆ ಅದು ನಡುಕವಲ್ಲ, ಫಿಟ್ಸ್ ಎಂದು ಶಂಕಿಸಿ ಕೂಡಲೇ ವೈದ್ಯರನ್ನು ಕರೆಯಿರಿ.

ತಾಪ ಸರಿಯಿದ್ದು ಉಳಿದದ್ದು ಕೆಟ್ಟರೆ ಫಲವಿಲ್ಲ. ಸರಾಸರಿ ಬಿಪಿ ಕನಿಷ್ಠ 65 ಎಂಎಂ ಎಚ್‌ಜಿ, ಆಕ್ಸಿಜನ್ ಮಟ್ಟ ಶೇ 94ರಿಂದ 98, ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ 35ರಿಂದ 45 ಎಂಎಂ ಎಚ್‌ಜಿ. ವೆಂಟಿಲೇಟರ್ ಜೋರಾಗಿ ಓಡಿಸಿ ಡೈಆಕ್ಸೈಡ್ ಇಳಿಸಿದರೆ ಮಿದುಳಿನ ರಕ್ತನಾಳ ಕಿರಿದಾಗುತ್ತದೆ. 33ರ ದಾರಿ ಹಿಡಿದ ಕಡೆ ತಣಿಸುವಾಗ ಪೊಟ್ಯಾಸಿಯಂ ಇಳಿಯುತ್ತದೆ, ಬಿಸಿ ಮಾಡುವಾಗ ಏರುತ್ತದೆ, ಸಕ್ಕರೆ ಏರುಪೇರಾಗುತ್ತದೆ. ಮತ್ತೆ ಬಿಸಿ ಏರಿಸುವುದು ಗಂಟೆಗೆ 0.25ರಿಂದ 0.5 ಡಿಗ್ರಿ ಮೀರಬಾರದು.

ಕೆಲವರು ಆಸ್ಪತ್ರೆಗೆ ಬರುವಾಗಲೇ 35ರ ಆಸುಪಾಸಿನಲ್ಲಿರುತ್ತಾರೆ. ಕಂಬಳಿ ಹೊದಿಸಿ ಬಲವಂತವಾಗಿ ಬಿಸಿ ಮಾಡಬೇಡಿ, ತಾನಾಗಿ ಏರಲಿ, 37.5ರಲ್ಲಿ ತಡೆಯಿರಿ.

ಎಷ್ಟು ಹೊತ್ತು? 2023ರ ಡೆನ್ಮಾರ್ಕಿನ ಅಧ್ಯಯನದಲ್ಲಿ ಯಂತ್ರದಿಂದ 36 ಗಂಟೆ ಜ್ವರ ತಡೆದ ರೋಗಿಗಳಿಗೂ 72 ಗಂಟೆ ತಡೆದವರಿಗೂ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ 36 ಗಂಟೆ ಕಡ್ಡಾಯ, ಎಚ್ಚರವಾಗದಿದ್ದರೆ 72ರವರೆಗೂ ಕಣ್ಣಿಡಿ. ಜ್ವರ ತಡೆಯುತ್ತಿರುವಾಗ ನ್ಯುಮೋನಿಯಾ ಜ್ವರವಾಗಿ ಕಾಣಿಸಿಕೊಳ್ಳದು: ಕಫ ದಪ್ಪವಾಗುವುದು, ಆಕ್ಸಿಜನ್ ಹೆಚ್ಚಿಸಬೇಕಾಗುವುದು, ಮೊದಲಿಗಿಂತ ಹೆಚ್ಚು ಐಸ್ ಬೇಕಾಗುವುದು ಅದರ ಗುರುತು.

'ಮಿದುಳು ಸತ್ತಿದೆಯಾ?' ಎಂದು ಮನೆಯವರು ಮೊದಲ ದಿನವೇ ಕೇಳುತ್ತಾರೆ. ಆ ದಿನ ಉತ್ತರ ಇರುವುದಿಲ್ಲ, ಇಲ್ಲವೆಂದೇ ಹೇಳಿ. ಚೇತರಿಕೆಯ ಬಗ್ಗೆ ಕೈಚೆಲ್ಲುವಂಥ ತೀರ್ಮಾನ ಕನಿಷ್ಠ 72 ಗಂಟೆ ಕಳೆದ ಮೇಲೆ, ಅದೂ ಒಂದೇ ಪರೀಕ್ಷೆ ನೋಡಿ ಅಲ್ಲ. ನಿದ್ರೆಯ ಔಷಧ ಮೈಯಿಂದ ಹೊರಹೋಗಲು, ಮೈ ತಣ್ಣಗಿದ್ದರೆ, ಲಿವರ್ ಸೋತಿದ್ದರೆ ಇನ್ನೂ ಹೆಚ್ಚು ಹೊತ್ತು ಬೇಕು. ಕೊನೆಯ ಡೋಸ್ ಕೊಟ್ಟ ಗಂಟೆಯನ್ನು ಚಾರ್ಟ್‌ನ ಮೇಲ್ಭಾಗದಲ್ಲೇ ದೊಡ್ಡದಾಗಿ ಬರೆದಿಡಿ. ಮೂರನೇ ದಿನ ಕಣ್ಣುಪಾಪೆಗೆ ಟಾರ್ಚ್ ಹಿಡಿಯುವವರು ಮೊದಲು ಅದನ್ನೇ ಓದಬೇಕು.